ಬಿರುಗಾಳಿ ಉಬ್ಬರದ ಮಾಹಿತಿ: ಜಾಲವಾಗಿ ಹೆಣೆದಿಡುವ ವಿಧಾನ

ಚಂಡಮಾರುತ ಎಂದೊಡನೆ ನಮಗೆ ಮೊದಲು ನೆನಪಾಗುವುದು ಗಾಳಿ. ಹಾರಿಹೋದ ಹೆಂಚು, ಬುಡಮೇಲಾದ ತೆಂಗು, ನೆಲಕಚ್ಚಿದ ಬತ್ತದ ಪೈರು ಇವೇ ಕಣ್ಣಿಗೆ ಬೀಳುತ್ತವೆ. ಆದರೆ ಬಂಗಾಳಕೊಲ್ಲಿಯ ದಡದಲ್ಲಿ ನಡೆದ ದೊಡ್ಡ ಅನಾಹುತಗಳನ್ನು ಪರಿಶೀಲಿಸಿದರೆ, ಜನ ಮತ್ತು ಜಾನುವಾರು ಹೆಚ್ಚು ಸಂಖ್ಯೆಯಲ್ಲಿ ಸತ್ತದ್ದು ಗಾಳಿಯಿಂದಲ್ಲ, ಗಾಳಿ ತಳ್ಳಿಕೊಂಡು ಬಂದ ಸಮುದ್ರದ ನೀರಿನಿಂದ ಎಂಬುದು ತಿಳಿಯುತ್ತದೆ. ಈ ನೀರಿನ ಏರಿಕೆಯನ್ನು ಬಿರುಗಾಳಿ ಉಬ್ಬರ ಎನ್ನಬಹುದು. ಇದು ಬರುವ ಮುನ್ಸೂಚನೆ ಈಗ ಎರಡು ಮೂರು ದಿನ ಮೊದಲೇ ದೊರೆಯುತ್ತದೆ. ಆ ಮುನ್ಸೂಚನೆ ಯಾವ ಹಳ್ಳಿಯ ಯಾವ ಮನೆಯವರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಬೇಕು ಎಂಬ ಮಾತಾಗಿ ಬದಲಾಗುವುದೇ ಕಷ್ಟದ ಕೆಲಸ. ಇದಕ್ಕೆ ನೆರವಾಗುವ ಒಂದು ಹೊಸ ವಿಧಾನವನ್ನು ರೈತ ಬಾಂಧವರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಿರುಗಾಳಿ ಉಬ್ಬರ ಎಂದರೇನು?

ಕರಾವಳಿಯವರಿಗೆ ಉಬ್ಬರ ಮತ್ತು ಇಳಿತ ಹೊಸದಲ್ಲ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಸಮುದ್ರದ ಮಟ್ಟ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಇದರ ವೇಳೆಯನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಬಿರುಗಾಳಿ ಉಬ್ಬರ ಇದರ ಮೇಲೆ ಬಂದು ಕೂಡಿಕೊಳ್ಳುವ ಬೇರೆಯ ಏರಿಕೆ. ಅದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು ವಾಯುಭಾರದ ಕುಸಿತ. ಚಂಡಮಾರುತದ ನಡುಭಾಗದಲ್ಲಿ ವಾಯುಭಾರ ಕಡಿಮೆಯಿರುತ್ತದೆ. ಒಂದು ಮಿಲಿಬಾರ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. 1999ರ ಒಡಿಶಾ ಚಂಡಮಾರುತದ ನಡುವಿನ ವಾಯುಭಾರವನ್ನು 912 ಮಿಲಿಬಾರ್ ಎಂದು ಅಂದಾಜು ಮಾಡಲಾಗಿದೆ. ಸಾಧಾರಣ ವಾಯುಭಾರ 1013 ಎಂದು ಹಿಡಿದರೆ ಕುಸಿತ 101 ಮಿಲಿಬಾರ್. ಅಂದರೆ ಈ ಕಾರಣದಿಂದ ನೀರು ಏರಿದ್ದು ಸುಮಾರು ಒಂದು ಮೀಟರ್ ಮಾತ್ರ. ಆದರೆ ಅಂದು ದಡಕ್ಕೆ ಬಂದ ಉಬ್ಬರ 5ರಿಂದ 6 ಮೀಟರ್. ಉಳಿದ ನಾಲ್ಕೈದು ಮೀಟರ್ ಎಲ್ಲಿಂದ ಬಂತು?

ಅದೇ ಎರಡನೆಯ ಕಾರಣ, ಗಾಳಿಯ ನೂಕು. ಗಾಳಿ ದಡದ ಕಡೆಗೆ ಬೀಸಿದಾಗ ನೀರನ್ನೂ ದಡದ ಕಡೆಗೆ ತಳ್ಳುತ್ತದೆ. ಸಮುದ್ರ ಆಳವಾಗಿದ್ದರೆ ತಳ್ಳಿದ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ಆಳ ಕಡಿಮೆಯಿದ್ದರೆ ಹಿಂದಿರುಗಲು ಎಡೆಯಿಲ್ಲದೆ ದಡದಲ್ಲಿ ರಾಶಿಯಾಗುತ್ತದೆ. ಬಂಗಾಳಕೊಲ್ಲಿಯ ಉತ್ತರಭಾಗ ಬಹುದೂರದವರೆಗೆ ಆಳವಿಲ್ಲದ್ದು. ಅದರ ದಡವಾದರೋ ದೊಡ್ಡ ನದಿಗಳು ಹರಡಿದ ಮಟ್ಟಸವಾದ ಮುಖಜಭೂಮಿ. ಆದುದರಿಂದಲೇ ಅಲ್ಲಿ ಉಬ್ಬರ ಎತ್ತರಕ್ಕೆ ಏರಿ ಒಳನಾಡಿಗೆ ಹಲವು ಕಿ.ಮೀ. ನುಗ್ಗುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ನಮ್ಮ ಉತ್ತರಾರ್ಧ ಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಚಂಡಮಾರುತ ದಡದ ಕಡೆಗೆ ಸಾಗುವಾಗ ಅದರ ಹಾದಿಯ ಬಲಭಾಗದಲ್ಲಿ ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತದೆ, ಎಡಭಾಗದಲ್ಲಿ ನೆಲದಿಂದ ಸಮುದ್ರಕ್ಕೆ. ಹೀಗಾಗಿ ದೊಡ್ಡ ಉಬ್ಬರ ಬರುವುದು ಬಲಕ್ಕೆ. ಚಂಡಮಾರುತ ದಡ ದಾಟುವ ಊರಿನ ಹೆಸರನ್ನಷ್ಟೇ ಕೇಳಿ, 'ನಮ್ಮೂರು ಅಲ್ಲಿಂದ ದೂರ' ಎಂದು ಸುಮ್ಮನಿರುವುದು ಅಪಾಯಕರ.

ಹಿಂದಿನ ಘಟನೆಗಳ ಪಾಠ

1970ರ ನವೆಂಬರ್ 12ರಂದು ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ಪ್ರದೇಶಕ್ಕೆ ಬಂದ ಉಬ್ಬರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು ಅಂದಾಜು. 1977ರ ನವೆಂಬರ್ 19ರಂದು ಆಂಧ್ರಪ್ರದೇಶದಲ್ಲಿ ಚಂಡಮಾರುತವು ಚೀರಾಲದ ಬಳಿ ದಡ ದಾಟಿತು. ಆದರೆ ಉಬ್ಬರದ ಪೂರ್ಣ ಹೊಡೆತ ಬಿದ್ದದ್ದು ಅದರ ಬಲಕ್ಕಿದ್ದ ಕೃಷ್ಣಾ ನದಿಯ ಮುಖದ ದಿವಿಸೀಮೆಗೆ. ಸುಮಾರು 5 ಮೀಟರ್ ಎತ್ತರದ ನೀರು ನುಗ್ಗಿ, ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು.

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ದಡ ಸೇರಿದ ಮಹಾಚಂಡಮಾರುತದಲ್ಲಿ ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದ ಹಳ್ಳಿಗಳು ನೀರುಪಾಲಾದವು. ಸುಮಾರು ಹತ್ತು ಸಾವಿರ ಜನ ಸತ್ತರು. ಲಕ್ಷಗಟ್ಟಲೆ ಜಾನುವಾರುಗಳು ಕೊಚ್ಚಿಹೋದವು. ಚಂಡಮಾರುತ ಬರುತ್ತಿದೆ ಎಂಬುದು ಅಂದು ತಿಳಿಯದ ವಿಷಯವಾಗಿರಲಿಲ್ಲ. ಆದರೆ ಜನರನ್ನು ಸಾಗಿಸಲು ಗಟ್ಟಿ ಕಟ್ಟಡಗಳು ಬೆರಳೆಣಿಕೆಯಷ್ಟಿದ್ದವು. ಯಾರನ್ನು ಎಲ್ಲಿಗೆ ಸಾಗಿಸಬೇಕೆಂಬ ಸಿದ್ಧತೆಯೂ ಸಾಲದಾಗಿತ್ತು.

ಇದಾದ ಮೇಲೆ ಆ ರಾಜ್ಯದಲ್ಲಿ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರ ರಚನೆಯಾಯಿತು. ಆಶ್ರಯ ಕಟ್ಟಡಗಳ ಸಂಖ್ಯೆ ಕ್ರಮೇಣ ಎಂಟುನೂರನ್ನು ಮೀರಿತು. ಹಳ್ಳಿಹಳ್ಳಿಗಳಲ್ಲಿ ಸ್ವಯಂಸೇವಕರು ತರಬೇತಿ ಪಡೆದರು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಚಂಡಮಾರುತ ದಡ ಸೇರುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಒಡಿಶಾದಲ್ಲಿ ಸತ್ತವರ ಸಂಖ್ಯೆ ಐವತ್ತರೊಳಗೆ ನಿಂತಿತು. ಎರಡೂ ಚಂಡಮಾರುತಗಳು ಎಲ್ಲ ರೀತಿಯಲ್ಲೂ ಒಂದೇ ಆಗಿರಲಿಲ್ಲ ಎಂಬುದು ನಿಜ. 1999ರ ಉಬ್ಬರವೇ ಹೆಚ್ಚು ಎತ್ತರದ್ದು. ಆದರೂ ಸಾವಿರಗಳ ಲೆಕ್ಕ ಹತ್ತುಗಳಿಗೆ ಇಳಿದದ್ದರಲ್ಲಿ ಸಕಾಲದ ಸಾಗಾಣಿಕೆಯ ಪಾತ್ರ ದೊಡ್ಡದು.

ಅದೇ 2013ರ ನವೆಂಬರ್ 8ರಂದು ಫಿಲಿಪ್ಪೀನ್ಸ್ ದೇಶದ ಟಕ್ಲೋಬಾನ್ ನಗರದಲ್ಲಿ ಬೇರೆಯೇ ಪಾಠ ದೊರೆಯಿತು. ಅಲ್ಲಿ ಮುನ್ಸೂಚನೆಯಲ್ಲಿ ಬಿರುಗಾಳಿ ಉಬ್ಬರವೆಂಬ ಮಾತೇನೋ ಇತ್ತು. ಆದರೆ ಆ ಇಂಗ್ಲಿಷ್ ಪದದ ಅರ್ಥ ಅನೇಕರಿಗೆ ಆಗಲಿಲ್ಲ. ಅದು ಸುನಾಮಿಯಂತೆ ನುಗ್ಗುತ್ತದೆ ಎಂದು ಹೇಳಿದ್ದರೆ ಓಡಿಹೋಗುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹೇಳಿದರು. ಆ ಚಂಡಮಾರುತದಲ್ಲಿ ಆ ದೇಶದ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಾಹಿತಿ ಇದ್ದರೆ ಸಾಲದು, ಅದು ಕೇಳುವವನ ಮಾತಿನಲ್ಲಿ ಇರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಮಾಹಿತಿ ಇದ್ದೂ ಇಲ್ಲದಂತಾಗುವುದು ಹೇಗೆ?

ನಮ್ಮ ದೇಶದಲ್ಲಿ ಭಾರತ ಹವಾಮಾನ ಇಲಾಖೆಯು ಚಂಡಮಾರುತದ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ಕೊಡುತ್ತದೆ. ಮೊದಲ ಮುನ್ನೋಟ 72 ಗಂಟೆ ಮೊದಲು, ಜಾಗರೂಕತೆಯ ಸೂಚನೆ 48 ಗಂಟೆ ಮೊದಲು, ಎಚ್ಚರಿಕೆ 24 ಗಂಟೆ ಮೊದಲು, ದಡ ದಾಟಿದ ಮೇಲಿನ ಸ್ಥಿತಿಯ ಮುನ್ನೋಟ 12 ಗಂಟೆ ಮೊದಲು. ಉಬ್ಬರದ ಎತ್ತರವನ್ನು ಗಣಕಯಂತ್ರದ ಮಾದರಿಗಳಿಂದ ಲೆಕ್ಕ ಹಾಕುವ ಕೆಲಸವನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಮಾಡುತ್ತದೆ.

ಇಷ್ಟಾದರೆ ಮುಗಿಯಿತೆ? ಇಲ್ಲ. ನೆಲದ ಎತ್ತರ ಮೋಜಣಿಯವರ ನಕ್ಷೆಯಲ್ಲಿದೆ. ರಸ್ತೆ ಮತ್ತು ಮೋರಿಗಳ ವಿವರ ಲೋಕೋಪಯೋಗಿ ಇಲಾಖೆಯಲ್ಲಿದೆ. ಶಾಲೆಯ ಕಟ್ಟಡ ಗಟ್ಟಿಯೋ ಶಿಥಿಲವೋ ಎಂಬುದು ಶಿಕ್ಷಣ ಇಲಾಖೆಗೆ ಗೊತ್ತು. ಬಸುರಿ ಬಾಣಂತಿಯರ ಪಟ್ಟಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದೆ. ದನಕರುಗಳ ಲೆಕ್ಕ ಪಶುವೈದ್ಯರ ಬಳಿ, ದೋಣಿಗಳ ಲೆಕ್ಕ ಮೀನುಗಾರಿಕೆ ಇಲಾಖೆಯಲ್ಲಿ, ಬೆಳೆಯ ಲೆಕ್ಕ ಕೃಷಿ ಇಲಾಖೆಯಲ್ಲಿ. ಒಂದೊಂದೂ ಸರಿಯಾಗಿಯೇ ಇರಬಹುದು. ಆದರೆ ಚಂಡಮಾರುತ ಬರುವ ಹಿಂದಿನ ದಿನ ಒಬ್ಬ ತಹಸೀಲ್ದಾರರು, 'ಸಂಜೆಯೊಳಗೆ ದಾರಿ ಮುಚ್ಚಿಹೋಗುವ ಹಳ್ಳಿಗಳು ಯಾವುವು, ಅವುಗಳಲ್ಲಿ ನಡೆಯಲಾರದವರು ಎಷ್ಟು ಮಂದಿ?' ಎಂದು ಕೇಳಿದರೆ, ಏಳು ಕಡತಗಳನ್ನು ಒಟ್ಟಿಗೆ ತೆರೆದು ಕೂರಲು ಯಾರಿಗೂ ಸಮಯವಿರುವುದಿಲ್ಲ.

ಜ್ಞಾನಜಾಲ ಎಂದರೇನು?

ಮೀನಿನ ಬಲೆಯನ್ನು ನೋಡಿ. ಅದರಲ್ಲಿ ಇರುವುದು ಎರಡೇ, ಗಂಟು ಮತ್ತು ಎಳೆ. ಯಾವುದೇ ಒಂದು ಗಂಟನ್ನು ಹಿಡಿದು ಎತ್ತಿದರೆ ಅದಕ್ಕೆ ಸೇರಿದ ಎಳೆಗಳೂ ಅವುಗಳ ತುದಿಯ ಗಂಟುಗಳೂ ಜೊತೆಗೆ ಏಳುತ್ತವೆ. ಮಾಹಿತಿಯನ್ನೂ ಹೀಗೆ ಗಂಟು ಮತ್ತು ಎಳೆಗಳಾಗಿ ಹೆಣೆದಿಡುವುದಕ್ಕೆ ಗಣಕ ವಿಜ್ಞಾನಿಗಳು ನಾಲೆಜ್ ಗ್ರಾಫ್ ಎನ್ನುತ್ತಾರೆ. ನಾವು ಇದನ್ನು ಜ್ಞಾನಜಾಲ ಎನ್ನೋಣ.

ಇದರ ಹಿಂದಿನ ಗಣಿತ ಹಳೆಯದು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದನ್ನೂ ಒಮ್ಮೆ ಮಾತ್ರ ದಾಟಿ ಸುತ್ತಿ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಆಯ್ಲರ್ ಎಂಬ ಗಣಿತಜ್ಞ 1736ರಲ್ಲಿ ಉತ್ತರ ಹೇಳಿದಾಗ, ನೆಲವನ್ನು ಗಂಟಾಗಿ, ಸೇತುವೆಯನ್ನು ಎಳೆಯಾಗಿ ಭಾವಿಸುವ ಪದ್ಧತಿ ಆರಂಭವಾಯಿತು. ಗೂಗಲ್ ಸಂಸ್ಥೆ 2012ರಲ್ಲಿ ತನ್ನ ಹುಡುಕು ಸೇವೆಗೆ ಇಂಥದೊಂದು ಜಾಲವನ್ನು ಅಳವಡಿಸಿದ ಮೇಲೆ ನಾಲೆಜ್ ಗ್ರಾಫ್ ಎಂಬ ಹೆಸರು ಎಲ್ಲೆಡೆ ಬಳಕೆಗೆ ಬಂತು.

ಜಾಲದಲ್ಲಿ ಪ್ರತಿಯೊಂದು ಸಂಗತಿಯನ್ನೂ ಮೂರು ಭಾಗದ ಚಿಕ್ಕ ವಾಕ್ಯವಾಗಿ ಬರೆಯುತ್ತಾರೆ. ಯಾವುದು, ಯಾವ ಸಂಬಂಧ, ಯಾವುದಕ್ಕೆ ಎಂಬುವೇ ಆ ಮೂರು ಭಾಗಗಳು. ಉದಾಹರಣೆಗೆ:

ಹಳ್ಳಿ – ಆಶ್ರಯ ಪಡೆಯುವುದು – ಪ್ರೌಢಶಾಲೆ
ಪ್ರೌಢಶಾಲೆ – ತಲಪುವ ದಾರಿ – ಹೊಳೆಬದಿಯ ರಸ್ತೆ
ಹೊಳೆಬದಿಯ ರಸ್ತೆ – ಅತಿ ತಗ್ಗಿನ ಜಾಗ – ಮೋರಿ
ಮೋರಿ – ಸಮುದ್ರಮಟ್ಟದಿಂದ ಎತ್ತರ – 1.4 ಮೀಟರ್

ಕೋಷ್ಟಕದಲ್ಲಿ ಈ ನಾಲ್ಕು ಸಂಗತಿಗಳು ನಾಲ್ಕು ಬೇರೆ ಕಡತಗಳಲ್ಲಿ ಇರುತ್ತವೆ. ಜಾಲದಲ್ಲಾದರೋ ಒಂದರ ಬಾಲ ಇನ್ನೊಂದರ ತಲೆಗೆ ಕೂಡಿಕೊಂಡಿರುತ್ತದೆ. ಮೋರಿಯ ಎತ್ತರಕ್ಕೂ ಹಳ್ಳಿಯ ಜನರ ಪ್ರಾಣಕ್ಕೂ ಇರುವ ನಂಟನ್ನು ಗಣಕಯಂತ್ರವು ಎಳೆ ಹಿಡಿದು ತಾನೇ ಹುಡುಕಿಕೊಳ್ಳಬಲ್ಲುದು.

ಉಬ್ಬರದ ಜಾಲಕ್ಕೆ ಬೇಕಾಗುವ ಗಂಟುಗಳನ್ನು ಐದು ಗುಂಪುಗಳಾಗಿ ವಿಂಗಡಿಸಬಹುದು.

1. ಅಪಾಯ: ಚಂಡಮಾರುತ, ಅದರ ಹಾದಿ, ಉಬ್ಬರದ ಎತ್ತರ, ಸಹಜ ಉಬ್ಬರದ ವೇಳೆ, ಮಳೆ, ನದಿಯ ನೆರೆ.
2. ಸ್ಥಳ: ಹಳ್ಳಿ, ಮಜರೆ, ನೆಲದ ಎತ್ತರ, ಒಡ್ಡು, ತೂಬು, ಹೊಳೆ, ರಸ್ತೆ.
3. ಅಪಾಯಕ್ಕೆ ಸಿಕ್ಕುವವರು ಮತ್ತು ಸಿಕ್ಕುವ ಆಸ್ತಿ: ಜನ, ಅವರಲ್ಲಿ ವೃದ್ಧರು, ಅಂಗವಿಕಲರು, ಬಸುರಿಯರು, ಜಾನುವಾರು, ಬೆಳೆ, ಬೀಜದ ದಾಸ್ತಾನು, ಕುಡಿಯುವ ನೀರಿನ ಬಾವಿ.
4. ಸಾಧನ: ಆಶ್ರಯ ಕಟ್ಟಡ, ದೋಣಿ, ಟ್ರ್ಯಾಕ್ಟರು, ಆಸ್ಪತ್ರೆ, ಮೇವು, ಸ್ವಯಂಸೇವಕರು.
5. ಕ್ರಮ: ಯಾರು, ಯಾವ ಹಂತದ ಎಚ್ಚರಿಕೆ ಬಂದಾಗ, ಏನು ಮಾಡಬೇಕು.

ಲೆಕ್ಕದ ಒಂದು ಉದಾಹರಣೆ

ವಿಧಾನ ಅರ್ಥವಾಗಲೆಂದು ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳೋಣ. ಎಲ್ಲ ಎತ್ತರಗಳನ್ನೂ ಸರಾಸರಿ ಸಮುದ್ರಮಟ್ಟದಿಂದ ಹೇಳಲಾಗಿದೆ.

'ಅ' ಹಳ್ಳಿಯ ನೆಲದ ಎತ್ತರ 2.2 ಮೀ. ಜನಸಂಖ್ಯೆ 620. ಆಶ್ರಯ ಕಟ್ಟಡ 3 ಕಿ.ಮೀ. ದೂರದಲ್ಲಿ, 4 ಮೀ. ಎತ್ತರದ ದಿಬ್ಬದ ಮೇಲಿದೆ. ಅಲ್ಲಿಗೆ ಹೋಗಲು ಇರುವುದು ಒಂದೇ ರಸ್ತೆ. ಅದರ ಮೋರಿಯ ಎತ್ತರ 1.4 ಮೀ. ಚಂಡಮಾರುತ ರಾತ್ರಿ 10 ಗಂಟೆಗೆ ದಡ ದಾಟುತ್ತದೆ, ಆಗ ಬಿರುಗಾಳಿ ಉಬ್ಬರ 2 ಮೀ. ಇರುತ್ತದೆ ಎಂದು ಮುನ್ಸೂಚನೆ. ಅದೇ ಹೊತ್ತಿಗೆ ಸಹಜ ಉಬ್ಬರ 0.6 ಮೀ.

ರಾತ್ರಿ 10 ಗಂಟೆಗೆ ನೀರಿನ ಒಟ್ಟು ಎತ್ತರ 2 + 0.6 = 2.6 ಮೀ. ಹಳ್ಳಿಯ ನೆಲ 2.2 ಮೀ. ಅಂದರೆ ಊರಿನಲ್ಲಿ ನಿಲ್ಲುವ ನೀರು 0.4 ಮೀ., ಮೊಣಕಾಲಿನ ಮಟ್ಟ. ಇದನ್ನಷ್ಟೇ ನೋಡಿದವರು, 'ಮೊಣಕಾಲುದ್ದ ನೀರು ತಾನೆ, ಅಟ್ಟದ ಮೇಲಿದ್ದರಾಯಿತು' ಎಂದುಕೊಳ್ಳಬಹುದು. ಆದರೆ ಈ ಮಟ್ಟದ ಮೇಲೆ ಅಲೆಗಳೂ ಹೊಡೆಯುತ್ತವೆ ಎಂಬುದನ್ನು ಮರೆಯಬಾರದು. ಜಾಲವು ಇನ್ನೂ ಒಂದು ಎಳೆ ಮುಂದೆ ಹೋಗಿ ಮೋರಿಯನ್ನು ನೋಡುತ್ತದೆ.

ಸಂಜೆ 6 ಗಂಟೆಗೆ: ಬಿರುಗಾಳಿ ಉಬ್ಬರ 0.8, ಸಹಜ ಮಟ್ಟ –0.3, ಒಟ್ಟು 0.5 ಮೀ.
7 ಗಂಟೆಗೆ: 1.1 ಮತ್ತು 0, ಒಟ್ಟು 1.1 ಮೀ.
8 ಗಂಟೆಗೆ: 1.4 ಮತ್ತು 0.3, ಒಟ್ಟು 1.7 ಮೀ.

ಮೋರಿಯ ಎತ್ತರವಾದ 1.4 ಮೀಟರನ್ನು ನೀರು ಮುಟ್ಟುವುದು ಸುಮಾರು 7.30ಕ್ಕೆ. ಚಂಡಮಾರುತ ದಡ ದಾಟುವುದಕ್ಕೆ ಎರಡೂವರೆ ಗಂಟೆ ಮೊದಲೇ ದಾರಿ ಮುಚ್ಚಿತು. ಅದಕ್ಕೂ ಮುಂಚೆ ಮಧ್ಯಾಹ್ನ 2 ಗಂಟೆಯಿಂದಲೇ ಬಿರುಸಾದ ಗಾಳಿ ಆರಂಭವಾಗುವುದಾದರೆ ಮಕ್ಕಳನ್ನು ಕರೆದುಕೊಂಡು 3 ಕಿ.ಮೀ. ನಡೆಯುವುದು ಸಾಧ್ಯವಿಲ್ಲ. ಆದುದರಿಂದ ಸಾಗಾಣಿಕೆ 1 ಗಂಟೆಗೆ ಮುಗಿಯಬೇಕು. ನಡೆಯಲಾರದವರು 60 ಮಂದಿ, ಟ್ರ್ಯಾಕ್ಟರು ಎರಡು, ಒಂದೊಂದರಲ್ಲಿ 15 ಮಂದಿ ಎಂದರೆ ತಲಾ ಎರಡು ಸರತಿ. ಹತ್ತಿಸಿ ಇಳಿಸುವುದೂ ಸೇರಿ ಒಂದು ಸರತಿಗೆ ಮುಕ್ಕಾಲು ಗಂಟೆ ಹಿಡಿದರೆ ಒಟ್ಟು ಒಂದೂವರೆ ಗಂಟೆ. ದನಕರುಗಳನ್ನು ಇದಕ್ಕೂ ಮೊದಲು ಹೊಡೆದುಕೊಂಡು ಹೋಗಬೇಕು. ಈ ಲೆಕ್ಕದಂತೆ ಜಾನುವಾರುಗಳನ್ನು ಬೆಳಗಿನ ಜಾವದಲ್ಲೇ ಬಿಚ್ಚಿ, ಜನರ ಸಾಗಾಣಿಕೆಯ ಆದೇಶವನ್ನು ಬೆಳಿಗ್ಗೆ 10 ಗಂಟೆಯೊಳಗೆ ಕೊಡಬೇಕು.

ಇನ್ನೂ ಒಂದು ಎಳೆ ಉಳಿದಿದೆ. ಆಶ್ರಯ ಕಟ್ಟಡದಲ್ಲಿ 800 ಜನಕ್ಕೆ ಜಾಗವಿದೆ. 'ಅ' ಹಳ್ಳಿಯ 620 ಮಂದಿಗೆ ಸಾಕು ಎಂದು ಕಾಣುತ್ತದೆ. ಆದರೆ ಪಕ್ಕದ 'ಆ' ಹಳ್ಳಿಯ 500 ಮಂದಿಗೂ ಅದೇ ಕಟ್ಟಡವನ್ನು ಗೊತ್ತುಮಾಡಲಾಗಿದೆ. ಒಟ್ಟು 1,120. ಅಂದರೆ 320 ಜನರಿಗೆ ಜಾಗವಿಲ್ಲ. ಪ್ರತಿ ಹಳ್ಳಿಯ ಯೋಜನೆಯನ್ನು ಪ್ರತ್ಯೇಕ ಕಾಗದದಲ್ಲಿ ಬರೆದಾಗ ಈ ಕೊರತೆ ಕಾಣುವುದಿಲ್ಲ. ಎರಡು ಹಳ್ಳಿಗಳ ಎಳೆಗಳು ಒಂದೇ ಗಂಟಿಗೆ ಬಂದು ಸೇರಿದಾಗ ತಾನಾಗಿ ಕಾಣುತ್ತದೆ. ಬಾಗಿಲಲ್ಲಿ ನೂಕುನುಗ್ಗಲಾದಾಗ ತಿಳಿಯುವುದಕ್ಕಿಂತ ಬೇಸಿಗೆಯಲ್ಲೇ ತಿಳಿಯುವುದು ಮೇಲು.

ಜಾಲ ಹೆಣೆಯುವಾಗ ವಹಿಸಬೇಕಾದ ಎಚ್ಚರಿಕೆಗಳು

1. ಹೆಸರಿನ ಗೊಂದಲ: ಒಂದೇ ಹೆಸರಿನ ಹಳ್ಳಿಗಳು ಹಲವಾರು ಇರುತ್ತವೆ. ಒಂದೇ ಹಳ್ಳಿಯ ಹೆಸರನ್ನು ಇಲಾಖೆಗೊಂದು ರೀತಿ ಬರೆಯುವುದೂ ಉಂಟು. ಆದುದರಿಂದ ಹೆಸರಿನ ಜೊತೆಗೆ ಸರ್ಕಾರ ಕೊಟ್ಟಿರುವ ಗ್ರಾಮ ಸಂಕೇತ ಸಂಖ್ಯೆಯನ್ನು ಕಡ್ಡಾಯವಾಗಿ ಬರೆಯಬೇಕು. ಜನ ಕರೆಯುವ ಹೆಸರುಗಳನ್ನೂ ಅದೇ ಗಂಟಿಗೆ ಸೇರಿಸಬೇಕು.

2. ಎತ್ತರದ ಮೂಲ: ಬಂದರಿನವರು ನೀರಿನ ಎತ್ತರವನ್ನು ಕಡಿಮೆ ಇಳಿತದ ಮಟ್ಟದಿಂದ ಅಳೆಯುತ್ತಾರೆ. ಮೋಜಣಿಯವರು ನೆಲವನ್ನು ಸರಾಸರಿ ಸಮುದ್ರಮಟ್ಟದಿಂದ ಅಳೆಯುತ್ತಾರೆ. ಎರಡನ್ನೂ ಹಾಗೆಯೇ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಮೇಲಿನ ಉದಾಹರಣೆಯಲ್ಲಿ ಅರ್ಧ ಮೀಟರ್ ತಪ್ಪಿದ್ದರೂ ದಾರಿ ಮುಚ್ಚುವ ವೇಳೆ ಸುಮಾರು ಒಂದು ಗಂಟೆ ವ್ಯತ್ಯಾಸವಾಗುತ್ತಿತ್ತು.

3. ಕಾಲ: ಉಬ್ಬರದ ಮುನ್ಸೂಚನೆ ಕೆಲವು ಗಂಟೆಗಳಿಗೊಮ್ಮೆ ಬದಲಾಗುತ್ತದೆ. ಕಳೆದ ಮಳೆಗಾಲದಲ್ಲಿ ಗಟ್ಟಿಯಿದ್ದ ಒಡ್ಡು ಈ ವರ್ಷ ಬಿರುಕು ಬಿಟ್ಟಿರಬಹುದು. ಪ್ರತಿ ಸಂಗತಿಯ ಜೊತೆಗೂ ಅದನ್ನು ಯಾವಾಗ, ಯಾರು ನೋಡಿ ಬರೆದರು ಎಂಬುದಿರಬೇಕು.

4. ಅಂದಾಜು ಮತ್ತು ಅಳತೆ: ಕಣ್ಣಂದಾಜಿನಿಂದ ಬರೆದುದನ್ನು ಹಾಗೆಂದೇ ಗುರುತಿಸಬೇಕು. ಅಂದಾಜನ್ನು ಅಳತೆಯೆಂದು ನಂಬಿ ಜನರನ್ನು ಕೂರಿಸಿಬಿಡುವುದು ಗೊತ್ತಿಲ್ಲದಿರುವುದಕ್ಕಿಂತ ಕೆಟ್ಟದ್ದು.

5. ಮನೆಯ ಗುಟ್ಟು: ಕಾಯಿಲೆಯವರ, ಬಸುರಿಯರ ವಿವರ ಎಲ್ಲರ ಕೈಗೂ ಸಿಗಬಾರದು. ಸಂಖ್ಯೆ ಎಲ್ಲರಿಗೂ ತಿಳಿಯಲಿ. ಹೆಸರು ಜವಾಬ್ದಾರಿ ಹೊತ್ತವರಿಗೆ ಮಾತ್ರ ತಿಳಿದರೆ ಸಾಕು.

6. ವಿದ್ಯುತ್ತು ಮತ್ತು ದೂರವಾಣಿ: ಚಂಡಮಾರುತದಲ್ಲಿ ಇವು ಮೊದಲೇ ಕೈಕೊಡುತ್ತವೆ. ಜಾಲದಿಂದ ಪಡೆದ ಹಳ್ಳಿವಾರು ಪಟ್ಟಿಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ 48 ಗಂಟೆ ಮೊದಲೇ ಹಳ್ಳಿಗೆ ತಲಪಿಸಬೇಕು.

ಇನ್ನೊಂದು ಮಾತು. ಜ್ಞಾನಜಾಲವು ಮುನ್ಸೂಚನೆ ಕೊಡುವ ಯಂತ್ರವಲ್ಲ. ಅದು ಬೇರೆಯವರು ಕೊಟ್ಟ ಮುನ್ಸೂಚನೆಗೂ ನಮ್ಮ ಊರಿನ ಸ್ಥಿತಿಗೂ ಸೇತುವೆ ಕಟ್ಟುತ್ತದೆ, ಅಷ್ಟೆ. ಹಾಕಿದ ಮಾಹಿತಿ ತಪ್ಪಾಗಿದ್ದರೆ ಬರುವ ಉತ್ತರವೂ ತಪ್ಪೇ.

ಹೊಲಕ್ಕೆ ಸೇರಿದ ಎಳೆಗಳು

ಜನ ಬದುಕುಳಿದ ಮೇಲೆ ಬದುಕು ನಡೆಯಬೇಕಾದುದು ಹೊಲದಿಂದ. ಸಮುದ್ರದ ನೀರಿನ ಒಂದು ಘನ ಮೀಟರಿನಲ್ಲಿ ಸುಮಾರು 35 ಕಿ.ಗ್ರಾಂ. ಉಪ್ಪಿರುತ್ತದೆ. ಒಂದು ಎಕರೆಯಲ್ಲಿ ಕೇವಲ 10 ಸೆಂ.ಮೀ. ನೀರು ನಿಂತರೆ ಅದು ಸುಮಾರು 405 ಘನ ಮೀಟರ್. ಅದರಲ್ಲಿರುವ ಉಪ್ಪು ಸುಮಾರು 140 ಕ್ವಿಂಟಲ್. ನೀರನ್ನು ಹೊರಗೆ ಬಿಟ್ಟರೆ ಉಪ್ಪಿನ ಬಹುಪಾಲು ಅದರೊಡನೆ ಹೋಗುತ್ತದೆ. ಅಲ್ಲೇ ಇಂಗಿ ಆರಲು ಬಿಟ್ಟರೆ ಅಷ್ಟೂ ನೆಲದಲ್ಲೇ ಉಳಿಯುತ್ತದೆ. ಆದುದರಿಂದ ಮೊದಲ ಕೆಲವು ದಿನಗಳ ಬಸಿಗಾಲುವೆ ಕೆಲಸ ಮುಂದಿನ ವರ್ಷಗಳ ಬೆಳೆಯನ್ನು ನಿರ್ಧರಿಸುತ್ತದೆ.

ಉಬ್ಬರದ ನೀರು ನಿಂತ ಜಮೀನಿನಲ್ಲಿ ಈ ಕ್ರಮಗಳನ್ನು ಅನುಸರಿಸಬೇಕು.

1. ಇಳಿತದ ವೇಳೆಯಲ್ಲಿ ತೂಬು ತೆರೆದು, ಉಬ್ಬರದ ವೇಳೆಯಲ್ಲಿ ಮುಚ್ಚಿ, ನಿಂತ ನೀರನ್ನು ಬೇಗನೆ ಹೊರಹಾಕಬೇಕು. ಒಡೆದ ಒಡ್ಡನ್ನು ಮೊದಲು ಕಟ್ಟಬೇಕು.
2. ಮಳೆಯ ಅಥವಾ ಕಾಲುವೆಯ ಸಿಹಿನೀರನ್ನು ಗದ್ದೆಯಲ್ಲಿ ನಿಲ್ಲಿಸಿ ಬಸಿದು ಹೊರಬಿಡುವುದನ್ನು ಹಲವು ಬಾರಿ ಮಾಡಬೇಕು.
3. ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು. ವಿದ್ಯುತ್ ವಾಹಕತೆ 4 ಡೆಸಿಸೀಮೆನ್ಸ್‌ಗಿಂತ ಹೆಚ್ಚಿದ್ದರೆ ಚೌಳು ನೆಲವೆಂದು ತಿಳಿಯಬೇಕು. ಜಿಪ್ಸಂ ಬೇಕೇ ಬೇಡವೇ ಎಂಬುದನ್ನು ಪರೀಕ್ಷೆಯ ಫಲ ನೋಡಿಯೇ ತೀರ್ಮಾನಿಸಬೇಕು. ಸುಮ್ಮನೆ ಹಾಕಿದರೆ ಹಣ ವ್ಯರ್ಥ.
4. ಬತ್ತದ ಎಳೆಯ ಸಸಿಗಳು ಮತ್ತು ಹೂ ಬಿಡುವ ಹಂತದ ಪೈರು ಉಪ್ಪಿಗೆ ಬಲು ಸೂಕ್ಷ್ಮ. ಸಸಿಮಡಿಯನ್ನು ಉಪ್ಪಿಲ್ಲದ ಎತ್ತರದ ಜಾಗದಲ್ಲಿ ಮಾಡಿ, ಸ್ವಲ್ಪ ಬಲಿತ ಸಸಿಗಳನ್ನು ನಾಟಿ ಮಾಡುವುದು ಒಳ್ಳೆಯದು. ಉಪ್ಪು ಸಹಿಸುವ ತಳಿಗಳನ್ನೇ ಆರಿಸಬೇಕು.
5. ದನಕರುಗಳಿಗೆ ಉಪ್ಪುನೀರು ಸೇರಿದ ಕೆರೆ, ಬಾವಿಯ ನೀರನ್ನು ಕುಡಿಸಬಾರದು.

ಜಾಲದಲ್ಲಿ ಈ ಸಂಗತಿಗಳಿಗೂ ಗಂಟುಗಳಿರಬೇಕು. ಯಾವ ಬಯಲಿಗೆ ಯಾವ ತೂಬು, ಆ ತೂಬಿನ ಕೀಲಿ ಯಾರ ಬಳಿ, ಉಪ್ಪು ಸಹಿಸುವ ಬೀಜ ಎಲ್ಲಿ ಎಷ್ಟಿದೆ, ಆ ಗೋದಾಮಿನ ನೆಲ ಉಬ್ಬರದ ಮಟ್ಟಕ್ಕಿಂತ ಮೇಲಿದೆಯೇ ಎಂಬುದನ್ನು ಹೆಣೆದಿಟ್ಟರೆ, ಪರಿಹಾರದ ಬೀಜವೇ ನೀರಿನಲ್ಲಿ ನೆನೆದುಹೋಗುವ ದುರವಸ್ಥೆ ತಪ್ಪುತ್ತದೆ.

ನಮ್ಮ ಕರಾವಳಿಯ ಸ್ಥಿತಿ

ಕರ್ನಾಟಕದ ಕರಾವಳಿಯಲ್ಲಿ ಬಂಗಾಳಕೊಲ್ಲಿಯ ದಡದಷ್ಟು ದೊಡ್ಡ ಉಬ್ಬರ ಬರುವುದಿಲ್ಲ. ಅರಬ್ಬಿ ಸಮುದ್ರದ ಚಂಡಮಾರುತಗಳು ಸಾಮಾನ್ಯವಾಗಿ ನಮ್ಮ ದಡದಿಂದ ದೂರದಲ್ಲೇ ಉತ್ತರಕ್ಕೋ ಪಶ್ಚಿಮಕ್ಕೋ ಸಾಗಿಹೋಗುತ್ತವೆ. ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಸಮಾನಾಂತರವಾಗಿ ಸಾಗಿ ಮೇ 17ರಂದು ಗುಜರಾತಿನಲ್ಲಿ ನೆಲ ಸೇರಿತು. ದಡ ದಾಟಿದ್ದು ಅಲ್ಲಿಯಾದರೂ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲತಡಿಯ ಮನೆ, ರಸ್ತೆ, ತೋಟಗಳಿಗೆ ಅಲೆಗಳ ಹೊಡೆತ ಬಿದ್ದಿತು. ಚಂಡಮಾರುತದ ಅಪಾಯ ತಗ್ಗಿಸುವ ರಾಷ್ಟ್ರೀಯ ಯೋಜನೆಯ ಎರಡನೆಯ ಹಂತದಲ್ಲಿ ನಮ್ಮ ರಾಜ್ಯವೂ ಸೇರಿತ್ತು.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಭೂಮಿಯ ರೈತರಿಗೆ ಈ ಜಾಲದ ತಿರುಳು ಹೊಸದಲ್ಲ. ಒಡ್ಡು, ತೂಬು, ಉಬ್ಬರದ ವೇಳೆ, ಮುಂಗಾರಿನ ಮಳೆ ಉಪ್ಪನ್ನು ತೊಳೆಯುವ ಕಾಲ, ಉಪ್ಪು ಸಹಿಸುವ ಕಗ್ಗ ಬತ್ತ, ಕೊಯ್ಲಿನ ನಂತರದ ಸೀಗಡಿ ಮತ್ತು ಮೀನು ಇವೆಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು. ಗಣಕಯಂತ್ರ ಬಲ್ಲವರು ಹೋಗಿ ಕೇಳಬೇಕಾದುದು ಇಂಥವರನ್ನು. ಒಡ್ಡಿನ ಯಾವ ಭಾಗ ಮೊದಲು ಒಡೆಯುತ್ತದೆ ಎಂಬ ಸಂಗತಿ ಯಾವ ಉಪಗ್ರಹದ ಚಿತ್ರದಲ್ಲೂ ಇರುವುದಿಲ್ಲ.

ಹಳ್ಳಿಯಲ್ಲಿ ಆರಂಭಿಸುವ ಬಗೆ

ಇದಕ್ಕೆ ಮೊದಲಿಗೆ ಗಣಕಯಂತ್ರ ಬೇಕಿಲ್ಲ. ವಿಸ್ತರಣಾ ಕಾರ್ಯಕರ್ತರು ಬೇಸಿಗೆಯಲ್ಲಿ ಎರಡು ಸಭೆ ಸೇರಿಸಿದರೆ ಸಾಕು.

1. ಪಂಚಾಯಿತಿ ಕಚೇರಿಯಲ್ಲಿ ಊರಿನ ದೊಡ್ಡ ನಕ್ಷೆಯನ್ನು ಗೋಡೆಗೆ ಅಂಟಿಸಿ. ಹಿಂದಿನ ನೆರೆ, ಉಬ್ಬರಗಳ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಗುರುತಿಸಿ.
2. ಮಜರೆ, ದಾರಿ, ಮೋರಿ, ಶಾಲೆ, ತೂಬು, ಬಾವಿ, ಎತ್ತರದ ಜಾಗ ಒಂದೊಂದಕ್ಕೂ ಒಂದೊಂದು ಚೀಟಿ ಬರೆದು ಗುಂಡುಸೂಜಿಯಿಂದ ಚುಚ್ಚಿ.
3. ಒಂದಕ್ಕೊಂದು ಸಂಬಂಧವಿರುವ ಚೀಟಿಗಳ ನಡುವೆ ದಾರ ಕಟ್ಟಿ, ದಾರದ ಮೇಲೆ ಸಂಬಂಧವನ್ನು ಬರೆಯಿರಿ.
4. ಈಗ ಮೋರಿಯ ಚೀಟಿಯನ್ನು ಕಿತ್ತು ಕೇಳಿ: ಯಾವ ಮಜರೆಗಳ ದಾರ ಸಡಿಲವಾಯಿತು? ಅವರಿಗೆ ಬೇರೆ ದಾರಿ ಇದೆಯೇ? ಇಲ್ಲದವರ ಹೆಸರೇ ಮೊದಲ ಪಟ್ಟಿ.
5. ಆ ಸಂಗತಿಗಳನ್ನೆಲ್ಲ ಮೂರು ಕಲಮಿನ ಪುಸ್ತಕಕ್ಕೆ ಇಳಿಸಿ, ದಿನಾಂಕ ಮತ್ತು ಬರೆದವರ ಹೆಸರು ಹಾಕಿ. ಈ ಪುಸ್ತಕವನ್ನು ತಾಲ್ಲೂಕು ಕಚೇರಿಯಲ್ಲಿ ಗಣಕಯಂತ್ರದ ಜಾಲಕ್ಕೆ ಸೇರಿಸುವುದು ಸುಲಭ.
6. ಪ್ರತಿ ವರ್ಷ ಮೇ ಮತ್ತು ಅಕ್ಟೋಬರ್ ತಿಂಗಳಿಗೆ ಮೊದಲು ಪುಸ್ತಕವನ್ನು ತಿದ್ದಿ. ನಮ್ಮ ಕಡಲುಗಳಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿನ ಹಿಂದು ಮುಂದಿನ ತಿಂಗಳುಗಳಲ್ಲಿ.
7. ಎಚ್ಚರಿಕೆಯ ಮಾತನ್ನು ಊರಿನ ಆಡುಮಾತಿನಲ್ಲೇ ಬರೆದಿಡಿ. ತುಳು, ಕೊಂಕಣಿ ಆಡುವ ಮನೆಗಳಿಗೆ ಆ ಮಾತಿನಲ್ಲೇ ಹೇಳಿ. '2 ಮೀಟರ್ ಉಬ್ಬರ' ಎನ್ನುವುದಕ್ಕಿಂತ 'ನೀರು ಶಾಲೆಯ ಎರಡನೆಯ ಮೆಟ್ಟಿಲಿಗೆ ಬರುತ್ತದೆ' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ದಿವಿಸೀಮೆಯಲ್ಲಿ, ಎರಸಮಾದಲ್ಲಿ ಸತ್ತವರಲ್ಲಿ ಹೆಚ್ಚಿನವರು ನಮ್ಮಂತೆಯೇ ಬತ್ತ ಬೆಳೆದು, ಎಮ್ಮೆ ಕಟ್ಟಿ, ಮೀನು ಹಿಡಿದು ಬದುಕುತ್ತಿದ್ದ ಜನ. ಈಗ ಮುನ್ಸೂಚನೆ ದೊರೆಯುತ್ತದೆ, ಆಶ್ರಯ ಕಟ್ಟಡಗಳೂ ಎದ್ದಿವೆ. ಇವೆರಡರ ನಡುವಿನ ದಾರಿಯಲ್ಲಿ ಯಾವ ಮೋರಿ ಯಾವಾಗ ಮುಳುಗುತ್ತದೆ ಎಂಬುದನ್ನು ಮೊದಲೇ ತಿಳಿದಿಡುವ ಕೆಲಸ ಮಾತ್ರ ಆಯಾ ಊರಿನವರದೇ. ಆದುದರಿಂದ ಕರಾವಳಿಯ ರೈತ ಬಾಂಧವರು ಮುಂದಿನ ಗ್ರಾಮಸಭೆಯಲ್ಲೇ ಈ ವಿಷಯವನ್ನು ಎತ್ತಿ, ತಮ್ಮ ಊರಿನ ಮೂರು ಕಲಮಿನ ಪುಸ್ತಕವನ್ನು ಆರಂಭಿಸುವುದು ಒಳ್ಳೆಯದು.